ಶೇಕಡಾ ಅರವತ್ತೆಂಟು

ಹಳೇ ಇಟ್ಟಿಗೆಗೂಡಿನ ಓಣಿಯ ಇನ್ನೂರ ಹನ್ನೆರಡು ಮನೆಗಳನ್ನು ತೆರವು ಮಾಡುವ ನೋಟಿಸನ್ನು ದಿನಪತ್ರಿಕೆಯ ಆರನೇ ಪುಟದಲ್ಲಿ ನಾಲ್ಕು ಪಾಯಿಂಟ್ ಅಕ್ಷರದಲ್ಲಿ ಅಚ್ಚು ಹಾಕಿದರು. ತಕರಾರು ಇದ್ದವರಿಗೆ ಹದಿನೈದು ದಿನಗಳ ಅವಕಾಶ ಕೊಟ್ಟಿದ್ದರು. ಒಬ್ಬರೂ ತಕರಾರು ಸಲ್ಲಿಸಲಿಲ್ಲ. ಇಪ್ಪತ್ತನೆಯ ದಿನ ಬೆಳಿಗ್ಗೆ ಮನೆಗಳನ್ನು ಕೆಡವಿದರು.

ನಾಲ್ಕು ಪಾಯಿಂಟ್ ಎಂದರೆ ಎಷ್ಟೆಂದು ಅಚ್ಚಿನ ಮನೆಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಂದು ಇಂಚನ್ನು ಎಪ್ಪತ್ತೆರಡು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಾಯಿಂಟ್. ಸುದ್ದಿಯ ಅಕ್ಷರಕ್ಕೆ ಒಂಬತ್ತೋ ಹತ್ತೋ ಬೇಕು. ಕಣ್ಣು ಕಿರಿದು ಮಾಡಿಕೊಂಡಾದರೂ ಓದಬೇಕೆಂದರೆ ಆರು ಬೇಕು. ನಾಲ್ಕಕ್ಕೆ ಇಳಿದರೆ, ಅದೂ ಪತ್ರಿಕೆಯ ಒರಟು ಕಾಗದದ ಮೇಲೆ, ಶಾಯಿ ಹರಡಿ ಪ್ರತಿ ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ. ಕೊನೆಗೆ ಕಾಣುವುದು ಒಂದು ಬೂದಿಬಣ್ಣದ ಪಟ್ಟಿ ಮಾತ್ರ.

ಆ ಪುಟ ಕಟ್ಟಿದವಳನ್ನು ಆಫೀಸಿನಲ್ಲಿ ಎಲ್ಲರೂ ಇಂಚಮ್ಮ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಪುಟ ಕಟ್ಟುವುದೇ ಅವಳ ಕಸುಬು. ಕತ್ತರಿ, ಅಂಟಿನ ಕಾಲದಲ್ಲಿ ಸೇರಿದವಳು. ಎಲ್ಲವೂ ಕಂಪ್ಯೂಟರಿನೊಳಗೆ ಹೋದ ಮೇಲೂ ಸ್ಟೀಲಿನ ಅಳತೆಪಟ್ಟಿಯನ್ನು ಕೈಯಿಂದ ಬಿಟ್ಟಿರಲಿಲ್ಲ. ಪ್ರೂಫ್ ಬಂದ ಕೂಡಲೇ ಅದರ ಮೇಲೆ ಪಟ್ಟಿ ಇಟ್ಟು, ಇಲ್ಲಿ ಎರಡು ಮಿಲಿಮೀಟರ್ ಕಳ್ಳತನ ಆಗಿದೆ ಎನ್ನುವಳು. ಸುದ್ದಿಯ ಬಾಲ ಕತ್ತರಿಸಬೇಡವೆಂದು ವರದಿಗಾರರು ಅವಳ ಕುರ್ಚಿಯ ಹಿಂದೆ ನಿಂತು ಗೋಗರೆಯುತ್ತಿದ್ದರು. ಅವಳು ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಪುಟ ರಬ್ಬರ್ ಅಲ್ಲಪ್ಪಾ ಎಂದು ಒಂದೇ ಮಾತಿನಲ್ಲಿ ಸಾಗಹಾಕುತ್ತಿದ್ದಳು.

ಪುಟ ಕಟ್ಟುವವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಪುಟದ ಆಕಾರವನ್ನು ನೋಡುತ್ತಾರೆ, ಅಲ್ಲಿ ಬರೆದದ್ದನ್ನು ಓದುವುದಿಲ್ಲ. ಅವರಿಗೆ ತಲೆಬರಹ ಒಂದು ಕಪ್ಪು ತೊಲೆ, ಫೋಟೋ ಒಂದು ಕಿಟಕಿ, ಸುದ್ದಿ ಒಂದು ಬೂದು ಗೋಡೆ. ಇಂಚಮ್ಮ ಪ್ರೂಫನ್ನು ತಲೆಕೆಳಗು ಮಾಡಿ ಹಿಡಿದು ಪರೀಕ್ಷಿಸುತ್ತಿದ್ದಳು. ಹಾಗೆ ಹಿಡಿದರೆ ಅಕ್ಷರಗಳು ಅಡ್ಡ ಬರುವುದಿಲ್ಲ, ಸೊಟ್ಟಗಿದ್ದದ್ದು ತಟ್ಟನೆ ಕಾಣುತ್ತದೆ. ಹೊಸಬರಿಗೂ ಅದನ್ನೇ ಕಲಿಸಿದ್ದಳು. ಓದುತ್ತಾ ಕೂತರೆ ನಾಲ್ಕು ಗಂಟೆಯೊಳಗೆ ಪುಟವನ್ನು ಅಚ್ಚಿಗೆ ಬಿಟ್ಟ ಹಾಗೇ ಎಂದು.

ಆ ನೋಟಿಸು ಬಂದ ವಾರದಲ್ಲೇ ಪತ್ರಿಕೆಯ ಆಕಾರ ಬದಲಾಗಿತ್ತು. ಎಂಟು ಕಾಲಂಗಳ ದೊಡ್ಡ ಪುಟ ಹೋಗಿ ಐದು ಕಾಲಂಗಳ ಟ್ಯಾಬ್ಲಾಯ್ಡ್ ಬಂದಿತ್ತು. ಕೈಗೆ ಹಗುರ, ಬಸ್ಸಿನಲ್ಲಿ ಸಲೀಸು ಎಂದು ಊರ ತುಂಬ ಬ್ಯಾನರ್ ಕಟ್ಟಿಸಿದ್ದರು. ಮಷೀನ್ ಹಾಲಿನ ಫೋರ್‌ಮನ್ ಅದನ್ನು ನೋಡಿ ಮೂಗು ಮುರಿದಿದ್ದ. ಕಾಗದದ ರೀಲು ಅದೇ, ಮಷೀನು ಅದೇ, ಒಂದು ಮಡಿಕೆ ಜಾಸ್ತಿ ಅಷ್ಟೇ, ಹಾಳೆ ಮಡಚಿದ್ದಕ್ಕೆ ಇಷ್ಟೊಂದು ಡಂಗುರವೇ ಎಂದು. ಅವನ ಮಾತು ಸುಳ್ಳಲ್ಲ. ಮೂವತ್ತೆಂಟು ಸೆಂಟಿಮೀಟರ್ ಅಗಲ, ಐವತ್ತಾರು ಎತ್ತರದ ಹಳೆಯ ಪುಟವನ್ನು ನಡುವೆ ಮಡಚಿ ಅಡ್ಡ ತಿರುಗಿಸಿದರೆ ಇಪ್ಪತ್ತೆಂಟು ಅಗಲ, ಮೂವತ್ತೆಂಟು ಎತ್ತರದ ಎರಡು ಹೊಸ ಪುಟಗಳಾಗುತ್ತವೆ. ಆದರೆ ಹಳೆಯ ಅಳತೆಗೆ ಮೊದಲೇ ತಯಾರಾಗಿ ಬಂದ ಜಾಹೀರಾತು, ನೋಟಿಸುಗಳು ಇದ್ದವಲ್ಲ, ಅವನ್ನೆಲ್ಲಿ ಕೂರಿಸುವುದು? ನ್ಯಾಯವಾಗಿ ಹಳೆಯ ಒಂದು ಪುಟಕ್ಕೆ ಹೊಸ ಎರಡು ಪುಟ ಕೊಡಬೇಕಿತ್ತು. ಮ್ಯಾನೇಜರ್ ಒಪ್ಪಲಿಲ್ಲ. ಒಂದು ಪುಟ ಕೇಳಿದ್ದಾರೆ, ಒಂದು ಪುಟ ಕೊಡೋಣ ಎಂದು ಪ್ರತಿ ಕಂಪ್ಯೂಟರಿನ ನೆತ್ತಿಗೂ ಹಳದಿ ಚೀಟಿ ಅಂಟಿಸಿದ. ಹಳೆ ಸೈಜ್ ಏನೇ ಬಂದರೂ 68.

ಐವತ್ತಾರು ಎತ್ತರದ್ದು ಮೂವತ್ತೆಂಟರಲ್ಲಿ ಕೂರಬೇಕಾದರೆ ಶೇಕಡಾ ಅರವತ್ತೆಂಟಕ್ಕೆ ಕುಗ್ಗಿಸಬೇಕು. ಪುಟ ಕುಗ್ಗಿದರೆ ಅದರೊಳಗಿನ ಆರು ಪಾಯಿಂಟಿನ ಅಕ್ಷರ ನಾಲ್ಕಾಗುತ್ತದೆ.

ಆ ಬುಧವಾರದ ಮಧ್ಯಾಹ್ನ ಇಂಚಮ್ಮನಿಗೆ ನೆನಪಿದೆ. ಮೇಲೊಂದು ಸರ್ವೆ ನಂಬರು, ಕೆಳಗೆ ಪುಟದ ತುಂಬ ಹೆಸರುಗಳು. ಕುಗ್ಗಿಸಿದ ಮೇಲೆ ಎರಡು ಪಕ್ಕದಲ್ಲೂ ಒಂದೊಂದು ಸೆಂಟಿಮೀಟರ್ ಖಾಲಿ ಉಳಿದಿತ್ತು. ಅಲ್ಲಿ ದಪ್ಪ ಕಪ್ಪು ಗೆರೆ ಎಳೆದು ಮುಚ್ಚಿದ್ದಳು. ಪ್ರೂಫ್ ಹಿಡಿದುಕೊಂಡು ಮ್ಯಾನೇಜರ್ ಕೋಣೆಗೆ ಹೋಗಿ, ಇದನ್ನು ಓದೋಕಾಗಲ್ಲ ಸರ್ ಎಂದೂ ಹೇಳಿದ್ದಳು. ಅವನು ಫೋನಿನಿಂದ ಕಣ್ಣೆತ್ತಿರಲಿಲ್ಲ.

"ನೋಟಿಸ್ ಯಾರ್ರೀ ಓದ್ತಾರೆ?"

ಅವಳು ವಾಪಸು ಬಂದು ಪುಟವನ್ನು ತಲೆಕೆಳಗು ಮಾಡಿ ನೋಡಿದಳು. ಗೆರೆಗಳು ನೇರವಾಗಿದ್ದವು. ಪುಟ ಬಿಟ್ಟಳು.

ಇಟ್ಟಿಗೆಗೂಡಿನ ಓಣಿ ಎಂದು ಎಲ್ಲರ ಬಾಯಲ್ಲಿದ್ದ ಜಾಗಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಸರ್ವೆ ನಂಬರು ಇದೆಯೆಂಬುದು ಅಲ್ಲಿ ಕಾಲು ಶತಮಾನ ಬಾಳಿದವರಿಗೇ ಗೊತ್ತಿರಲಿಲ್ಲ. ಇಂಚಮ್ಮನ ಒಡಹುಟ್ಟಿದ ಅಕ್ಕ ಅಲ್ಲಿಯವಳು. ಗೋಡೆ ಬೀಳುವ ಮುಂಚೆ ಕೈಗೆ ಸಿಕ್ಕಿದ್ದನ್ನು ತಳ್ಳುಗಾಡಿಗೆ ಹೇರಿಕೊಂಡು ಅಕ್ಕ, ಭಾವ ಇಬ್ಬರೂ ಅವಳ ಎರಡು ಕೋಣೆಯ ಮನೆಗೆ ಬಂದಿದ್ದರು. ಮದುವೆಯ ಮಾತನ್ನು ಎಂದೋ ಕೈಬಿಟ್ಟು ಒಂಟಿಯಾಗಿದ್ದವಳ ಮನೆ ತುಂಬಿತು. ಅಕ್ಕನ ಹೊಲಿಗೆ ಮಷೀನು ಕಿಟಕಿಯ ಕೆಳಗೆ ಕೂತಿತು. ಭಾವ ನೀರಿನ ಪಂಪು ರಿಪೇರಿ ಮಾಡುತ್ತಿದ್ದವನು. ಅಂಗಡಿ ಮನೆಯ ಮುಂಭಾಗದಲ್ಲೇ ಇದ್ದದ್ದರಿಂದ ಮನೆಯ ಜೊತೆ ಕಸುಬೂ ಹೋಗಿತ್ತು. ದಿನವಿಡೀ ಬಾಗಿಲಲ್ಲಿ ಕೂತು ಸಿಕ್ಕಿದ ನಲ್ಲಿಯನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ಈ ಮನೇಲಿ ಇನ್ನು ಸೋರೋಕೆ ಏನೂ ಉಳಿದಿಲ್ಲ ಎಂದು ಅಕ್ಕ ಛೇಡಿಸುತ್ತಿದ್ದಳು.

ಅಕ್ಕ ತಂಗಿಯ ಪತ್ರಿಕೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕೊನೆಯ ಪುಟದ ಅಡಿಯಲ್ಲಿರುವ ಮುದ್ರಕರ ಸಾಲಿನವರೆಗೂ ಓದುವಳು. ಓದಿ ಮುಗಿದ ಹಾಳೆಯ ಮೇಲೆ ಅಳತೆ ಗುರುತು ಮಾಡಿ, ಕತ್ತರಿಸಿ, ಬಟ್ಟೆ ಕತ್ತರಿಸಲು ಮಾದರಿ ಮಾಡಿಕೊಳ್ಳುವಳು. ಹಳೆಯ ದೊಡ್ಡ ಪುಟವೊಂದನ್ನು ಬಿಡಿಸಿದರೆ ಒಬ್ಬ ಗಂಡಸಿನ ಅಂಗಿಯ ಬೆನ್ನು ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ಪುಟ ಚಿಕ್ಕದಾದ ದಿನ ಅವಳು ಫೋನ್ ಮಾಡಿ, ಇನ್ನು ಮೇಲೆ ನಿನ್ನ ಪೇಪರಲ್ಲಿ ಬರೀ ತೋಳು ಹುಟ್ಟುತ್ತೆ ಕಣೇ, ಬೆನ್ನಿಗೆ ಬೇರೆ ಪೇಪರ್ ಹಾಕಿಸ್ಕೋಬೇಕು ಎಂದು ನಕ್ಕಿದ್ದಳು.

ಓಣಿಯವರು ಒಟ್ಟಾಗಿ ದೂರು ಕೊಟ್ಟ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದ್ದರು. ಅವನ ಮುಂದಿದ್ದದ್ದು ಒಂದೇ ಪ್ರಶ್ನೆ, ನೋಟಿಸು ನಿಯಮದಂತೆ ಪ್ರಕಟವಾಗಿತ್ತೇ ಇಲ್ಲವೇ? ನಿಯಮದ ಪ್ರಕಾರ ಅಕ್ಷರ ಆರು ಪಾಯಿಂಟಿಗಿಂತ ಕಡಿಮೆ ಇರುವಂತಿಲ್ಲ. ಕಡಿಮೆ ಇದ್ದರೆ ನೋಟಿಸು ಕೊಟ್ಟೇ ಇಲ್ಲ ಎಂದು ಲೆಕ್ಕ. ಆಗ ತೆರವು ಅಕ್ರಮವಾಗುತ್ತದೆ, ಇನ್ನೂರ ಹನ್ನೆರಡು ಮನೆಯವರಿಗೂ ಅದೇ ಜಾಗದಲ್ಲಿ ಮನೆ ಕಟ್ಟಿಸಿಕೊಡಬೇಕಾಗುತ್ತದೆ. ಈ ಸಂಗತಿಯನ್ನು ಭಾವ ಒಂದು ಸಂಜೆ ನಲ್ಲಿ ಬಿಚ್ಚುತ್ತಾ ಹೇಳಿದ್ದ. ಹೇಳಿ, ನಿಮ್ಮ ಪೇಪರಲ್ಲೇ ಬಂದಿತ್ತಂತಲ್ಲ ಎಂದು ಸೇರಿಸಿದ್ದ. ಇಂಚಮ್ಮ ಫೈಲ್ ತೆಗೆದು ನೋಡ್ತೀನಿ ಭಾವ ಎಂದಿದ್ದಳು. ಐದು ವಾರವಾದರೂ ನೋಡಿರಲಿಲ್ಲ. ಹಳೆಯ ಸಂಚಿಕೆಗಳಿರುವ ಲೈಬ್ರರಿ ಕೋಣೆ ಅವಳ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ. ಹೋಗಬೇಕೆಂದು ಎದ್ದಾಗಲೆಲ್ಲ ಆ ಹೆಸರುಗಳ ಬೂದು ಗೋಡೆ ಕಣ್ಣ ಮುಂದೆ ಬಂದು ಕಾಲು ಹಿಂದೆ ಸರಿಯುತ್ತಿತ್ತು.

ಒಂದು ಮಂಗಳವಾರ ಮ್ಯಾನೇಜರ್ ಅವಳನ್ನು ಕರೆಸಿದ. ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಕೆಲಸ ಆಗಬೇಕಾದಾಗ ಅವಳು ಅವನಿಗೆ ಮೇಡಂ, ಉಳಿದ ಹೊತ್ತು ಬರೀ ಪೇಜು. ಅಂದು ಮೇಡಂ ಎಂದು ಕುರ್ಚಿ ಎಳೆದುಕೊಟ್ಟ. ಮೇಜಿನ ಮೇಲೆ ಎರಡು ಕಾಗದ ಹರಡಿದ್ದವು. ಒಂದು, ಆಗತಾನೇ ತೆಗೆಸಿದ ದೊಡ್ಡ ಹಾಳೆ. ಹಳೆಯ ಅಳತೆಯ ಅದೇ ನೋಟಿಸು, ಕುಗ್ಗಿಸದೆ, ಆರು ಪಾಯಿಂಟಿನ ಅಕ್ಷರಗಳು ಅಚ್ಚುಕಟ್ಟಾಗಿ ಓದಲು ಬರುವ ಹಾಗೆ. ಇನ್ನೊಂದು, ಪುಟ ಕಟ್ಟಿದವರು ಸಹಿ ಮಾಡಬೇಕಾದ ದೃಢೀಕರಣ ಪತ್ರ. ಅದರಲ್ಲಿ ಎರಡೇ ಸಾಲು. ಸದರಿ ನೋಟಿಸನ್ನು ಆರು ಪಾಯಿಂಟ್ ಅಕ್ಷರದಲ್ಲಿ ಸಿದ್ಧಪಡಿಸಲಾಗಿದೆ. ಲಗತ್ತಿಸಿದ ಪ್ರತಿಯು ಪ್ರಕಟವಾದ ಪುಟದ ನಿಜಪ್ರತಿ.

ಸಿದ್ಧಪಡಿಸಿದ್ದು ಆರರಲ್ಲೇ ತಾನೇ, ಸುಳ್ಳೇನಿದೆ ಎಂದ ಮ್ಯಾನೇಜರ್. ಅಚ್ಚಾದದ್ದು ನಾಲ್ಕರಲ್ಲಿ ಸರ್ ಎಂದಳು ಇಂಚಮ್ಮ. ಅದಕ್ಕೂ ಅವನಲ್ಲಿ ಉತ್ತರ ತಯಾರಿತ್ತು. ಓಣಿಯವರ ಹತ್ತಿರ ಇರುವುದು ಕಲ್ಲುಮಣ್ಣಿನಡಿಯಿಂದ ಕಿತ್ತು ತೆಗೆದ ಚೂರುಗಳು, ನೆನೆದು ಮುದ್ದೆಯಾದವು. ಊರಿನ ಉಳಿದ ಪ್ರತಿಗಳು ಎಂದೋ ರದ್ದಿಗೆ ಹೋಗಿವೆ, ಪುಟ ಯಾವ ವಾರ ಚಿಕ್ಕದಾಯಿತೆಂದು ಯಾರಿಗೂ ನೆನಪಿಲ್ಲ. ಆಫೀಸಿನ ಪ್ರತಿ ಬೈಂಡಿಂಗಿಗೆ ಹೋಗಿದೆ ಎಂದು ಬರೆದರಾಯಿತು.

"ನೆನೆದ ಬಟ್ಟೆ ಕುಗ್ಗಲ್ವಾ ಮೇಡಂ? ಪೇಪರೂ ಹಾಗೇ ಕುಗ್ಗಿರುತ್ತೆ. ಅಷ್ಟಕ್ಕೂ ಆ ಅಧಿಕಾರಿಗೆ ಪಾಯಿಂಟು ಗೊತ್ತಾ, ಪಿನ್ನು ಗೊತ್ತಾ?"

ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಆಡಿದ. ಪುಟ ಅರ್ಧ ಆದ ಮೇಲೆ ಪುಟ ಕಟ್ಟುವವರೂ ಅರ್ಧ ಸಾಕೆಂದು ಮೇಲಿನವರು ಪಟ್ಟಿ ಕೇಳಿದ್ದಾರೆ. ಅದರಲ್ಲಿ ಅವಳ ಹೆಸರು ಇರಲೇಬೇಕೆಂದೇನೂ ಇಲ್ಲ. ಬುಧವಾರ ಮೂರು ಗಂಟೆಗೆ ವಿಚಾರಣಾ ಕಚೇರಿಯ ಗುಮಾಸ್ತ ಬಂದು ಪತ್ರ ಒಯ್ಯುತ್ತಾನೆ. ಅಷ್ಟರೊಳಗೆ ಸಹಿ ಆಗಿರಲಿ.

ಇಂಚಮ್ಮ ಕೆಳಗಿಳಿದು ಮಷೀನ್ ಹಾಲಿಗೆ ಹೋದಳು. ಮಧ್ಯಾಹ್ನದ ಹೊತ್ತು ಮಷೀನು ನಿಂತಿತ್ತು. ಫೋರ್‌ಮನ್ ರೀಲಿನ ಅಂಚಿಗೆ ಒರಗಿ ಊಟದ ಡಬ್ಬಿ ತೊಳೆಯಲು ಏಳಲೋ ಬೇಡವೋ ಎಂದು ಕೂತಿದ್ದ. ಅವಳ ಮಾತು ಕೇಳಿ ಬೆರಳು ಮಡಚಿ ಎಣಿಸಿದ. ಮಡಿಕೆ ಬದಲಾದದ್ದು ಸೋಮವಾರ. ನೋಟಿಸು ಬಂದದ್ದು ಅದೇ ವಾರದ ಬುಧವಾರ. ಆ ದೊಡ್ಡ ಸೈಜಿನ ಪುಟ ಅಂದು ನನ್ನ ಮಷೀನಿಂದ ಹೊರಗೆ ಬಿದ್ದೇ ಇಲ್ಲ ತಂಗಿ ಎಂದ.

"ಇದನ್ನ ಅಧಿಕಾರಿ ಮುಂದೆ ಹೇಳ್ತೀಯಾ ಅಣ್ಣ?"

ಫೋರ್‌ಮನ್ ಡಬ್ಬಿಯ ಮುಚ್ಚಳ ತಿರುಗಿಸಿದ. ಅವನ ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಹೆಂಡತಿ ಹಾಸಿಗೆ ಹಿಡಿದಿದ್ದಳು. ಕೇಳಿದರೆ ಸುಳ್ಳು ಹೇಳಲ್ಲ, ಕೇಳದೆ ಬಾಯಿ ಬಿಡಲ್ಲ ಎಂದ. ಡಬ್ಬಿ ಹಿಡಿದು ಎದ್ದು, ಅವಳ ಮುಖ ನೋಡದೆ, ಸಹಿ ಹಾಕಿಬಿಡು ತಂಗಿ, ನಿನಗೂ ಹೊಟ್ಟೆ ಇದೆ ಎಂದ. ಇಂಚಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಬುಧವಾರ ಅವಳೂ ಒಂದೇ ಒಂದು ಮಾತು ಹೇಳಿ ಸುಮ್ಮನಾದವಳಲ್ಲವೇ? ಇನ್ನೂರ ಹನ್ನೆರಡು ಮನೆ ಬೀಳಲು ಬೇಕಾದದ್ದು ಅವಳಂಥವರ ಆ ಸುಮ್ಮನಿರುವಿಕೆಯೇ. ಕಟುಕರೇನೂ ಬೇಕಿರಲಿಲ್ಲ.

ಮನೆಗೆ ಬಂದಾಗ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಅಕ್ಕ ಶಾಲೆಯ ಅಂಗಿಗಳ ರಾಶಿಯ ನಡುವೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಮಂಚದಡಿಯ ಕಟ್ಟಿನಿಂದ ಹನ್ನೆರಡು ವರ್ಷದ ಅಳತೆಯ ತೋಳು ತೆಗೆದುಕೊಡು ಎಂದು ಸನ್ನೆ ಮಾಡಿದಳು. ಹಳೇ ಮನೆಯಿಂದ ಬಂದ ಮಾದರಿಗಳ ಕಟ್ಟು ಅದು, ದಾರ ಸುತ್ತಿದ್ದು. ಇಂಚಮ್ಮ ದಾರ ಬಿಚ್ಚಿ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಕಾಲರು, ಜೇಬು, ಪಟ್ಟಿ. ನಾಲ್ಕನೆಯದು ತೋಳು. ಅದರ ಒಂದು ಅಂಚಿನುದ್ದಕ್ಕೂ ದಪ್ಪ ಕಪ್ಪು ಗೆರೆ.

ತಾನು ಎಳೆದ ಗೆರೆ ತನಗೆ ಗೊತ್ತಾಗದೆ ಇರುತ್ತದೆಯೇ? ಒದ್ದೆಯೂ ಆಗಿರಲಿಲ್ಲ, ಮುದ್ದೆಯೂ ಆಗಿರಲಿಲ್ಲ; ಕಟ್ಟಿನ ನಡುವೆ ಗರಿಗರಿಯಾಗಿ ಕೂತಿತ್ತು. ಅಕ್ಕ ಸೀಮೆಸುಣ್ಣದಲ್ಲಿ "12 ವರ್ಷ, ಬಲ" ಎಂದು ಬರೆದುಕೊಂಡಿದ್ದಳು. ಇಂಚಮ್ಮ ನೆಲದ ಮೇಲೆ ಕೂತು ಫೋನಿನ ಕ್ಯಾಮೆರಾ ಹಿಡಿದು ಹಿಗ್ಗಿಸಿದಳು. ಪುಟ ಕಟ್ಟಲು ಕಲಿತ ಮೇಲೆ ಮೊದಲ ಸಲ ಒಂದು ನೋಟಿಸನ್ನು ಸಾಲಿಗೆ ಸಾಲು ಓದಿದಳು. ಪಂಕ್ಚರ್ ಅಂಗಡಿಯವನ ಹೆಸರಿತ್ತು. ಅಕ್ಕನಿಗೆ ಗುಂಡಿ ಹಾಕಿಕೊಡುತ್ತಿದ್ದ ವಿಧವೆಯ ಹೆಸರಿತ್ತು. ಮೊಣಕೈ ಬರುವ ಜಾಗದಲ್ಲಿ ನೂರ ಹದಿನೇಳನೆಯ ಕ್ರಮಸಂಖ್ಯೆ, ಭಾವನ ಹೆಸರು, ಭಾವನ ತಂದೆಯ ಹೆಸರು, ಮನೆ ನಂಬರು.

ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದು, ಏನೇ ಪುಟ್ಟಿ, ತೋಳು ಕೇಳಿದರೆ ಭವಿಷ್ಯ ಓದ್ತಾ ಕೂತ್ಯಲ್ಲ ಎಂದಳು. ಇಂಚಮ್ಮ ಎಲ್ಲವನ್ನೂ ಹೇಳಿದಳು. ಹಳದಿ ಚೀಟಿ, ಅರವತ್ತೆಂಟು, ಪಕ್ಕದ ಗೆರೆಗಳು, ಮ್ಯಾನೇಜರನ ದೊಡ್ಡ ಹಾಳೆ, ನಾಳೆ ಮೂರು ಗಂಟೆ. ಬಾಗಿಲಲ್ಲಿ ಭಾವನ ಸ್ಪ್ಯಾನರ್ ಸದ್ದು ನಿಂತಿತು.

"ಓದಿದ್ದರೆ ನಂಗೆ ಹೇಳ್ತಿದ್ದೆ ತಾನೇ?" ಎಂದಳು ಅಕ್ಕ.

"ಓದಲಿಲ್ಲ ಅಕ್ಕ. ನಾನು ಓದೋದೇ ಇಲ್ಲ. ಗೆರೆ ನೆಟ್ಟಗಿದೆಯಾ ಅಂತ ನೋಡಿದೆ, ಬಿಟ್ಟೆ."

ಅಕ್ಕ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಅಂದು ತಾನೂ ಈ ಪುಟವನ್ನು ತಿರುವಿ ನೋಡಿದ್ದು, ಕಣ್ಣು ಮಂಜಾಯಿತೇನೋ ಎಂದುಕೊಂಡು ಕನ್ನಡಕ ಒರೆಸಿದ್ದು, ಯಾವುದೋ ಬ್ಯಾಂಕಿನವರ ಹರಾಜಿರಬೇಕೆಂದು ಕತ್ತರಿ ಹಾಕಿದ್ದು, ಎಲ್ಲವನ್ನೂ ತನಗೆ ತಾನೇ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳಿದಳು. ತನ್ನ ಮನೆಯನ್ನು ತಾನೇ ತೋಳಿನ ಆಕಾರಕ್ಕೆ ಕತ್ತರಿಸಿದೆ ಎಂದು ನಗಲು ಹೋಗಿ, ಕನ್ನಡಕ ತೆಗೆದು ಒರೆಸಿಕೊಂಡಳು. ಭಾವ ಎದ್ದು ಬಂದವನು ಹಾಳೆ ನೋಡಲಿಲ್ಲ.

"ಊರಿಗೆಲ್ಲ ಮಿಲಿಮೀಟರ್ ಲೆಕ್ಕ ಹೇಳೋಳು, ನಮಗೆ ಐದು ವಾರ ಫೈಲ್ ನೋಡ್ತೀನಿ ಅಂದ್ಯಲ್ಲಮ್ಮ."

ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಮತ್ತೆ ಮಷೀನಿಗೆ ಕೂತಳು. ಎರಡು ಅಂಗಿಗೆ ತೋಳು ಹಚ್ಚಿದಳು. ಎರಡನೆಯದರ ದಾರ ಕಚ್ಚಿ ಕತ್ತರಿಸಿ, ಹಿಂತಿರುಗದೆಯೇ ಹೇಳಿದಳು.

"ಕೆಲಸ ಬಿಟ್ಟು ಬಾ ಅಂತ ನಾನು ಹೇಳಲ್ಲ ಕಣೇ. ಈಗ ಮೂರು ಜನರ ಅನ್ನ ನಿನ್ನ ಕೈಲಿದೆ. ಸಹಿ ಹಾಕು ಅಂತಲೂ ನನ್ನ ಬಾಯಲ್ಲಿ ಬರಲ್ಲ. ನನ್ನನ್ನ ಏನೂ ಕೇಳಬೇಡ."

ಮರುದಿನ ಮೂರು ಗಂಟೆಗೆ ಗುಮಾಸ್ತ ಬಂದ. ತೋಳಿಗೆ ಬಟ್ಟೆಯ ಚೀಲ ಸಿಕ್ಕಿಸಿಕೊಂಡ, ಕೂದಲು ನರೆತ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಮನುಷ್ಯ. ಮ್ಯಾನೇಜರ್ ಅವನಿಗೆ ನೀರು ತರಿಸಿಕೊಟ್ಟು, ನಮ್ಮ ಮೇಡಂ ಇಪ್ಪತ್ತೆರಡು ವರ್ಷದ ಅನುಭವಸ್ಥರು ಎಂದು ಪರಿಚಯಿಸಿ, ದೃಢೀಕರಣ ಪತ್ರವನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದ.

ಇಂಚಮ್ಮ ಕುಳಿತಳು. ಎರಡು ಸಾಲನ್ನೂ ಓದಿದಳು. ನಿಜಪ್ರತಿ ಎಂಬ ಪದವನ್ನು ಎರಡನೆಯ ಸಲ ಓದಿದಳು. ಪೆನ್ನಿನ ಮುಚ್ಚಳ ತೆಗೆದು ಆ ಎರಡನೆಯ ಸಾಲಿಗೆ ನೇರವಾಗಿ ಗೆರೆ ಎಳೆದು, ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆಯತೊಡಗಿದಳು. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರುತ್ತಿತ್ತು. ಮ್ಯಾನೇಜರ್ ಆಕಳಿಸುತ್ತಾ ಗೋಡೆಯ ಕಡೆ ನೋಡುತ್ತಿದ್ದವನು, ಸಹಿಗೆ ಇಷ್ಟು ಹೊತ್ತು ಬೇಡವೆಂದು ಹೊಳೆದು ಮೇಜಿನ ಮೇಲೆ ಬಗ್ಗಿದ. ಅವಳು ಬರೆದಿದ್ದದ್ದು ಇಷ್ಟು:

ಆರು ಪಾಯಿಂಟಿನಲ್ಲಿ ಬಂದ ಈ ನೋಟಿಸನ್ನು ಶೇಕಡಾ ಅರವತ್ತೆಂಟಕ್ಕೆ ಕುಗ್ಗಿಸಿ, ನಾಲ್ಕು ಪಾಯಿಂಟಿನಲ್ಲಿ, ಚಿಕ್ಕ ಪುಟದಲ್ಲಿ ಅಚ್ಚಿಗೆ ಬಿಟ್ಟವಳು ನಾನು. ಹಾಗೆ ಕುಗ್ಗಿಸಬೇಕೆಂದು ಆದೇಶ ಮಾಡಿದವರು ಮ್ಯಾನೇಜರ್. ಓದಲು ಬರುವುದಿಲ್ಲವೆಂದು ಅಂದೇ ಅವರಿಗೆ ತಿಳಿಸಿದ್ದೆ. ಜೊತೆಗಿಟ್ಟ ದೊಡ್ಡ ಹಾಳೆ ಎಂದೂ ಪ್ರಕಟವಾಗಿಲ್ಲ. ಪ್ರಕಟವಾದ ಪುಟದ ಒಂದು ಭಾಗ ನನ್ನ ಅಕ್ಕನ ಮನೆಯಲ್ಲಿದೆ. ಬಂದು ಅಳೆಯಬಹುದು.

ಅಕ್ಕನ ಮನೆ ಎಂದು ಬರೆದ ಮೇಲೆ, ಅದು ಈಗ ಇಲ್ಲವಲ್ಲ ಎಂದು ನೆನಪಾಗಿ, ಹೊಡೆದುಹಾಕಿ ನನ್ನ ಮನೆ ಎಂದು ತಿದ್ದಿದ್ದಳು. ಸಹಿಯೂ ಆಗಿತ್ತು, ತಾರೀಖೂ ಆಗಿತ್ತು.

ಮ್ಯಾನೇಜರನ ಮುಖ ಕಪ್ಪಿಟ್ಟಿತು. ಗುಮಾಸ್ತನಿಗೆ ಏನೂ ಆಗಿಲ್ಲವೆಂಬಂತೆ ನಕ್ಕು, ಮೇಡಂಗೆ ಬೇರೆ ಯಾವುದೋ ಪುಟದ ಜ್ಞಾಪಕ ಬಂದಿದೆ, ಹೊಸದು ತೆಗೆಸಿಕೊಡ್ತೀವಿ, ಹತ್ತು ನಿಮಿಷ ಹೊರಗೆ ಕೂತಿರಿ ಎಂದ. ಗುಮಾಸ್ತ ಏಳಲಿಲ್ಲ. ಮೆಟ್ಟಿಲು ಹತ್ತಿ ಮಂಡಿ ಹಿಡಿದುಕೊಂಡಿದೆ, ಹತ್ತು ನಿಮಿಷ ಇಲ್ಲೇ ಕೂರ್ತೀನಿ ಬಿಡಿ ಎಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನು ಬೇಕೆಂದೇ ಹಾಗೆ ಅಂದನೋ, ನಿಜಕ್ಕೂ ಮಂಡಿ ನೋಯುತ್ತಿತ್ತೋ, ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಮ್ಯಾನೇಜರ್ ಪತ್ರದತ್ತ ಕೈ ಚಾಚಿದ. ಇಂಚಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡು ಅದರ ಮೇಲೆ ಅಂಗೈ ಊರಿದಳು. ಅಂಗೈಯ ಬೆವರಿಗೆ ಶಾಯಿ ಕಲೆಸಿಹೋದೀತೆಂದು ಬರಹದ ಮೇಲಿಂದ ಸರಿಸಿ ಖಾಲಿ ಜಾಗದಲ್ಲಿ ಇಟ್ಟಳು.

"ನೀನು ಏನು ಬರೆದಿದೀಯ ಅಂತ ಗೊತ್ತಾ ನಿಂಗೆ?" ನೀವು ಹೋಗಿ ನೀನು ಬಂದಿತ್ತು, ಮೇಡಂ ಎಂಬುದು ಎಲ್ಲೋ ಬಿದ್ದುಹೋಗಿತ್ತು. "ಹರಿದು ಹಾಕು ಅದನ್ನ. ಈಗಲೇ, ನನ್ನ ಕಣ್ಣೆದುರಿಗೇ."

"ಇಲ್ಲ ಸರ್," ಎಂದಳು ಇಂಚಮ್ಮ. "ಹರಿಯಲ್ಲ."